ಆರ್ಡರ್ ಪಟ್ಟಿಯ ಒಂದೇ ಪುಟಕ್ಕೆ 554 ಕ್ವೆರಿ: ಜ್ಯಾಂಗೋದಲ್ಲಿ ಸಂಬಂಧಿತ ರೆಕಾರ್ಡ್‌ಗಳನ್ನು ಒಟ್ಟಿಗೆ ತರುವುದು ಹೇಗೆ?

ಬಯಲುಸೀಮೆ_ಡೆವ್ (ಪ್ರಶ್ನೆ)

ಪುಸ್ತಕ ಮಾರುವ ಸೈಟ್‌ನ ಬ್ಯಾಕ್‌ಎಂಡ್. ಜ್ಯಾಂಗೋ 4.2 (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್), ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಕಚೇರಿಯವರು ನೋಡುವ ಆರ್ಡರ್ ಪಟ್ಟಿ ತೀರಾ ನಿಧಾನ. ಒಂದು ಪುಟಕ್ಕೆ 50 ಆರ್ಡರ್, ಡೀಬಗ್ ಟೂಲ್‌ಬಾರ್ ತೋರಿಸುವುದು 554 ಕ್ವೆರಿ, ಅಂದರೆ ಡೇಟಾಬೇಸ್‌ಗೆ 554 ಸಲ ಪ್ರಶ್ನೆ.

ಮಾಡೆಲ್‌ಗಳು (ಡೇಟಾಬೇಸ್ ಟೇಬಲ್‌ಗಳ ಪೈಥಾನ್ ರೂಪ) ಹೀಗಿವೆ. ಆರ್ಡರ್‌ಗೆ ಒಬ್ಬ ಕಸ್ಟಮರ್, ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ). ಒಂದು ಆರ್ಡರ್‌ನಲ್ಲಿ ಹಲವು ಐಟಂ, ಸರಾಸರಿ 4. ಐಟಂಗೆ ಒಂದು ಬುಕ್. ಬುಕ್‌ಗೆ ಹಲವು ಆಥರ್, ಆಥರ್‌ಗೂ ಹಲವು ಬುಕ್, ಅಂದರೆ ಮೆನಿ ಟು ಮೆನಿ. ಆರ್ಡರ್‌ಗೆ ಹಲವು ಪೇಮೆಂಟ್: ಮೊದಲ ಯುಪಿಐ ಪ್ರಯತ್ನ ಫೇಲ್ ಆಗಿ ಎರಡನೆಯದು ಪಾಸಾದರೆ ಎರಡಕ್ಕೂ ಒಂದೊಂದು ಸಾಲು ಇರುತ್ತದೆ.

ಪುಟದಲ್ಲಿ ಕಾಣಬೇಕಾದದ್ದು ಕಸ್ಟಮರ್ ಹೆಸರು, ರದ್ದಾಗದ ಐಟಂಗಳು, ಅವುಗಳ ಪುಸ್ತಕ ಮತ್ತು ಲೇಖಕರ ಹೆಸರು, ಕೊನೆಯ ಪೇಮೆಂಟ್‌ನ ಸ್ಥಿತಿ. ರದ್ದಾಗದ ಐಟಂಗಳಿಗೆ ಮಾಡೆಲ್‌ನಲ್ಲಿ ಒಂದು ಮೆಥಡ್ ಇದೆ, ಒಳಗೆ `ಸೆಲ್ಫ್.ಐಟಮ್ಸ್.ಫಿಲ್ಟರ್(ಕ್ಯಾನ್ಸಲ್ಡ್=ಫಾಲ್ಸ್)`. ಇದೇ ಡೇಟಾ ಮೊಬೈಲ್ ಆ್ಯಪ್‌ಗೆ ರೆಸ್ಟ್ ಫ್ರೇಮ್‌ವರ್ಕ್ (ಜ್ಯಾಂಗೋದಲ್ಲಿ ಎಪಿಐ ಬರೆಯುವ ಲೈಬ್ರರಿ) ಮೂಲಕವೂ ಹೋಗುತ್ತದೆ.

ಸಂಬಂಧಿತ ಸಾಲುಗಳನ್ನು ಮೊದಲೇ ತರಲು ಸೆಲೆಕ್ಟ್_ರಿಲೇಟೆಡ್ ಹಾಕಬೇಕೋ ಪ್ರಿಫೆಚ್_ರಿಲೇಟೆಡ್ ಹಾಕಬೇಕೋ? ಎರಡನ್ನೂ ಹಾಕಬಹುದೇ? ಅಥವಾ ನೇರ ಎಸ್‌ಕ್ಯೂಎಲ್ ಬರೆದುಬಿಡುವುದೇ ಒಳ್ಳೆಯದೇ?

ಜಾಯಿನ್_ಜೋಯಿಸ

ಮೊದಲು 554ರ ಲೆಕ್ಕ ಬಿಡಿಸೋಣ, ಆಗ ಔಷಧಿ ಎಲ್ಲಿಗೆ ಹಚ್ಚಬೇಕು ಅನ್ನುವುದು ತಾನಾಗೇ ಕಾಣುತ್ತದೆ. ಸೆಷನ್‌ಗೆ 1, ಲಾಗಿನ್ ಆದ ಯೂಸರ್‌ಗೆ 1, ಪಟ್ಟಿಯನ್ನು ಪುಟಗಳಾಗಿ ಒಡೆಯುವ ಪೇಜಿನೇಟರ್‌ನ ಕೌಂಟ್‌ಗೆ 1, ಆರ್ಡರ್ ಪಟ್ಟಿಗೆ 1. ಇಲ್ಲಿಗೆ 4. ಆಮೇಲೆ ಪ್ರತಿ ಆರ್ಡರ್‌ಗೂ ಕಸ್ಟಮರ್ 50, ಐಟಂ 50, ಪೇಮೆಂಟ್ 50. ಸಿಕ್ಕ 200 ಐಟಂಗಳಿಗೆ ಬುಕ್ 200, ಆ ಬುಕ್‌ಗಳಿಗೆ ಆಥರ್ 200. ಕೂಡಿಸಿದರೆ ಸರಿಯಾಗಿ 554.

ಇದರಲ್ಲಿ ಯಾವ ಕ್ವೆರಿಯೂ ಬಿಡಿಯಾಗಿ ನಿಧಾನವಲ್ಲ. ಅದಕ್ಕೇ ಸ್ಲೋ ಕ್ವೆರಿ ಲಾಗ್‌ನಲ್ಲಿ ಇವು ಸಿಕ್ಕಿಬೀಳುವುದಿಲ್ಲ. ದುಡ್ಡು ಹೋಗುವುದು ಓಡಾಟಕ್ಕೆ. ಆ್ಯಪ್ ಮತ್ತು ಡೇಟಾಬೇಸ್ ನಡುವೆ ಒಂದು ಸುತ್ತಿಗೆ 1 ಮಿಲಿಸೆಕೆಂಡ್ ಆದರೆ ಅರ್ಧ ಸೆಕೆಂಡ್ ಚಿಲ್ಲರೆ, ಸಹಿಸಬಹುದು. ಆ್ಯಪ್ ಒಂದು ಊರಿನ ಡೇಟಾ ಸೆಂಟರ್‌ನಲ್ಲಿ, ಡೇಟಾಬೇಸ್ ಇನ್ನೊಂದು ಊರಿನಲ್ಲಿ, ಸುತ್ತಿಗೆ 20 ಮಿಲಿಸೆಕೆಂಡ್ ಅಂದರೆ 11 ಸೆಕೆಂಡ್ ಬರೀ ಕಾಯುವುದಕ್ಕೇ ಹೋಯಿತು. ಲ್ಯಾಪ್‌ಟಾಪ್‌ನಲ್ಲಿ ಎರಡೂ ಒಂದೇ ಯಂತ್ರದಲ್ಲಿರುವುದರಿಂದ ಈ ರೋಗ ಅಲ್ಲಿ ಕಾಣಿಸುವುದೇ ಇಲ್ಲ.

ಯಾವುದಕ್ಕೆ ಯಾವುದು ಅಂದರೆ: ಈ ಸಾಲಿನಿಂದ ಆ ಕಡೆಗೆ ಒಂದೇ ಸಾಲು ಸಿಗುತ್ತದಾದರೆ (ಫಾರಿನ್ ಕೀ, ಒನ್ ಟು ಒನ್) ಸೆಲೆಕ್ಟ್_ರಿಲೇಟೆಡ್. ಅದು ಅದೇ ಕ್ವೆರಿಗೆ ಜಾಯಿನ್ (ಎರಡು ಟೇಬಲ್‌ಗಳ ಸಾಲುಗಳನ್ನು ಜೋಡಿಸುವುದು) ಸೇರಿಸುತ್ತದೆ. ಫಾರಿನ್ ಕೀ ನಲ್ ಆಗಬಹುದಾದರೆ ಲೆಫ್ಟ್ ಔಟರ್ ಜಾಯಿನ್ (ಆ ಕಡೆ ಸಾಲಿಲ್ಲದಿದ್ದರೂ ಈ ಸಾಲು ಉಳಿಯುತ್ತದೆ), ಇಲ್ಲದಿದ್ದರೆ ಇನ್ನರ್ ಜಾಯಿನ್. ಆ ಕಡೆ ಹಲವು ಸಾಲುಗಳಿದ್ದರೆ (ಐಟಂ, ಆಥರ್) ಪ್ರಿಫೆಚ್_ರಿಲೇಟೆಡ್. ಅದು ಇನ್ನೊಂದು ಕ್ವೆರಿ ಓಡಿಸಿ, `ವೇರ್ ಆರ್ಡರ್_ಐಡಿ ಇನ್ (50 ಐಡಿಗಳು)` ಎಂದು ಎಲ್ಲವನ್ನೂ ಒಂದೇ ಸಲ ತಂದು ಪೈಥಾನ್‌ನಲ್ಲಿ ಆಯಾ ಆರ್ಡರ್‌ಗೆ ಹಂಚುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಹುದು, ನಿಮಗೆ ಹಾಕಲೇಬೇಕು.

ಹಲವು ಸಾಲಿನ ಕಡೆಗೆ ಜಾಯಿನ್ ಯಾಕೆ ಬೇಡ? ಒಂದು ಆರ್ಡರ್‌ಗೆ 4 ಐಟಂ, 3 ಪೇಮೆಂಟ್ ಇದ್ದರೆ ಎರಡನ್ನೂ ಜಾಯಿನ್ ಮಾಡಿದಾಗ ಬರುವುದು 7 ಸಾಲಲ್ಲ, 12. ಐಟಂಗೆ ಎರಡೆರಡು ಆಥರ್ ಸೇರಿದರೆ 24. ಕಸ್ಟಮರ್ ವಿಳಾಸ 24 ಸಲ ನೆಟ್‌ವರ್ಕ್ ಮೇಲೆ ಹಾದುಬರುತ್ತದೆ. ಜೊತೆಗೆ ಲಿಮಿಟ್ 50 ಅಂದರೆ 50 ಆರ್ಡರ್ ಅಲ್ಲ, ಗುಣಿಸಿ ಬಂದ ಸಾಲುಗಳಲ್ಲಿ 50. ಪುಟದಲ್ಲಿ ಎರಡೋ ಮೂರೋ ಆರ್ಡರ್ ಕಾಣುತ್ತವೆ.

ನಿಮ್ಮ ಪುಟಕ್ಕೆ ಸುಮಾರಾಗಿ ಹೀಗೆ (ಲಿಪಿ ಕನ್ನಡದ್ದು, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹಾಕಿ):

`ಆರ್ಡರ್.ಆಬ್ಜೆಕ್ಟ್ಸ್.ಸೆಲೆಕ್ಟ್_ರಿಲೇಟೆಡ್("ಕಸ್ಟಮರ್")`
`.ಪ್ರಿಫೆಚ್_ರಿಲೇಟೆಡ್(`
`  ಪ್ರಿಫೆಚ್("ಐಟಮ್ಸ್", ಕ್ವೆರಿಸೆಟ್=ಐಟಂ.ಆಬ್ಜೆಕ್ಟ್ಸ್.ಸೆಲೆಕ್ಟ್_ರಿಲೇಟೆಡ್("ಬುಕ್")),`
`  "ಐಟಮ್ಸ್__ಬುಕ್__ಆಥರ್ಸ್")`

ಪ್ರಿಫೆಚ್ ಸಾಲು ಮೊದಲು, ಆಥರ್ಸ್ ಸಾಲು ಆಮೇಲೆ. ತಿರುವುಮುರುವು ಮಾಡಿದರೆ ಆಥರ್ಸ್ ದಾರಿಯಲ್ಲಿ ಐಟಮ್ಸ್ ಮಾಮೂಲಿ ಕ್ವೆರಿಸೆಟ್‌ನಿಂದಲೇ (ಜ್ಯಾಂಗೋದ ಕ್ವೆರಿ ಆಬ್ಜೆಕ್ಟ್) ಬಂದುಬಿಟ್ಟಿರುತ್ತದೆ. ಆಮೇಲೆ ನಿಮ್ಮ ಪ್ರಿಫೆಚ್ ಕಂಡಾಗ ಈ ಲುಕಪ್ ಬೇರೆ ಕ್ವೆರಿಸೆಟ್ ಜೊತೆ ಆಗಲೇ ಬಂದಿದೆ, ಅನುಕ್ರಮ ಸರಿಮಾಡಿ ಎಂದು ವ್ಯಾಲ್ಯೂ ಎರರ್ ಬೀಳುತ್ತದೆ.

ಸೆಲೆಕ್ಟ್_ರಿಲೇಟೆಡ್‌ಗೆ ಹೆಸರು ಕೊಡದೆ ಖಾಲಿ ಬ್ರ್ಯಾಕೆಟ್ ಬಿಡಬೇಡಿ. ನಲ್ ಆಗದ ಎಲ್ಲ ಫಾರಿನ್ ಕೀಗಳನ್ನೂ ಅದು ಹಿಂಬಾಲಿಸಿಕೊಂಡು ಹೋಗುತ್ತದೆ. ನಾಳೆ ಯಾರೋ ಮಾಡೆಲ್‌ಗೆ ಒಂದು ಕಾಲಂ ಸೇರಿಸಿದರೆ ಈ ಪುಟಕ್ಕೂ ಒಂದು ಜಾಯಿನ್ ಸುಮ್ಮನೆ ಸೇರಿಕೊಂಡಿರುತ್ತದೆ.

ಕೊನೆಯ ಪೇಮೆಂಟ್‌ನ ಸ್ಥಿತಿ ಒಂದೇ ಬೇಕಿರುವುದರಿಂದ ಎಲ್ಲ ಪೇಮೆಂಟ್‌ಗಳನ್ನು ತರಬೇಡಿ. ಆನೋಟೇಟ್ (ಪ್ರತಿ ಸಾಲಿಗೂ ಲೆಕ್ಕಹಾಕಿದ ಕಾಲಂ ಸೇರಿಸುವುದು) ಒಳಗೆ ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ಹಾಕಿ: `ಪೇಮೆಂಟ್.ಆಬ್ಜೆಕ್ಟ್ಸ್.ಫಿಲ್ಟರ್(ಆರ್ಡರ್=ಔಟರ್‌ರೆಫ್("ಪಿಕೆ")).ಆರ್ಡರ್_ಬೈ("-ಕ್ರಿಯೇಟೆಡ್").ವ್ಯಾಲ್ಯೂಸ್("ಸ್ಟೇಟಸ್")[:1]`. ಇಡೀ ಪೇಮೆಂಟ್ ಆಬ್ಜೆಕ್ಟೇ ಬೇಕೆಂದಾದರೆ, 4.2ರಿಂದ ಪ್ರಿಫೆಚ್‌ಗೆ ಕೊಡುವ ಕ್ವೆರಿಸೆಟ್ಟನ್ನು `[:1]` ಎಂದು ಕತ್ತರಿಸಿ ಕೊಡಬಹುದು. ಒಳಗೆ ಅದು ರೋ ನಂಬರ್ ವಿಂಡೋ ಫಂಕ್ಷನ್ (ಪ್ರತಿ ಆರ್ಡರ್‌ನೊಳಗೆ ಸಾಲುಗಳಿಗೆ ಕ್ರಮಸಂಖ್ಯೆ ಕೊಡುವುದು) ಆಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದು ನಡೆಯುವುದಿಲ್ಲ.

ಇಷ್ಟಾದ ಮೇಲೆ ಒಟ್ಟು 6 ಕ್ವೆರಿ: ಸೆಷನ್, ಯೂಸರ್, ಕೌಂಟ್, ಆರ್ಡರ್ (ಕಸ್ಟಮರ್ ಜಾಯಿನ್, ಪೇಮೆಂಟ್ ಸಬ್‌ಕ್ವೆರಿ ಸಮೇತ), ಐಟಂ ಮತ್ತು ಬುಕ್, ಆಥರ್. ಆರ್ಡರ್ 50 ಇರಲಿ 100 ಇರಲಿ, ಆರೇ.

ಕ್ಯಾಶ್_ಕಿಟ್ಟಿ

ಇಷ್ಟೆಲ್ಲ ಯಾಕೆ? ರೆಡಿಸ್‌ನಲ್ಲಿ (ಮೆಮೊರಿಯಲ್ಲಿ ಡೇಟಾ ಇಡುವ ಸರ್ವರ್) ಪುಟವನ್ನು 5 ನಿಮಿಷ ಕ್ಯಾಶ್ ಮಾಡಿ, ಅಂದರೆ ಸಿದ್ಧ ಪ್ರತಿ ಇಟ್ಟುಕೊಳ್ಳಿ, ಮುಗೀತು.

ಜಾಯಿನ್_ಜೋಯಿಸ

ಕಿಟ್ಟಿಯವರೇ, ಇದು ಪೇಮೆಂಟ್ ಸ್ಥಿತಿ ನೋಡುವ ಪುಟ. ಹಣ ಬಂದು 4 ನಿಮಿಷವಾದರೂ ಪೆಂಡಿಂಗ್ ಅಂತ ತೋರಿಸಿದರೆ ಕಚೇರಿಯವರು ಗ್ರಾಹಕರಿಗೆ ಫೋನ್ ಹಾಯಿಸುತ್ತಾರೆ. ಸ್ಥಿತಿ ಬದಲಾದಾಗಲೆಲ್ಲ ಕ್ಯಾಶ್ ಅಳಿಸುತ್ತೇವೆ ಅಂದರೆ, ಆ ಆರ್ಡರ್ ಯಾವ ಯಾವ ಫಿಲ್ಟರ್‌ನ ಎಷ್ಟನೇ ಪುಟದಲ್ಲಿದೆ ಎಂದು ಹುಡುಕಬೇಕು. ಕ್ಯಾಶ್ ಖಾಲಿ ಇದ್ದಾಗ ಬರುವ ಮೊದಲನೆಯವರಿಗೆ 554 ಹೇಗೂ ತಪ್ಪಿದ್ದಲ್ಲ. ಕ್ವೆರಿ ಸರಿಮಾಡಿದ ಮೇಲೂ ಸಾಲದಿದ್ದರೆ ಆಗ ಕ್ಯಾಶ್ ಮಾತು.

ಬಯಲುಸೀಮೆ_ಡೆವ್

ಧನ್ಯವಾದ ಸರ್. ನೀವು ಹೇಳಿದಂತೆಯೇ ಹಾಕಿದೆ. 554 ಇಳಿಯಿತು, ಆದರೆ 256ಕ್ಕೆ ನಿಂತಿದೆ. 6 ಆಗಲಿಲ್ಲ. ಟೂಲ್‌ಬಾರ್‌ನಲ್ಲಿ ಐಟಂ ಕ್ವೆರಿ 50 ಸಲ, ಆಥರ್ ಕ್ವೆರಿ 200 ಸಲ ಇನ್ನೂ ಕಾಣುತ್ತಿವೆ.

ಸಿಗ್ನಲ್_ಸುಮಾ

ಅದು ನಿಮ್ಮ ಮೆಥಡ್ ಒಳಗಿನ ಫಿಲ್ಟರ್. ಪ್ರಿಫೆಚ್ ತಂದಿಟ್ಟದ್ದು `ಐಟಮ್ಸ್.ಆಲ್()` ಕೇಳಿದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಅದರ ಮೇಲೆ ಫಿಲ್ಟರ್, ಆರ್ಡರ್_ಬೈ, ವ್ಯಾಲ್ಯೂಸ್_ಲಿಸ್ಟ್, ಲೇಟೆಸ್ಟ್ ಏನೇ ಹಚ್ಚಿದರೂ ಹೊಸ ಕ್ವೆರಿಸೆಟ್ ಹುಟ್ಟಿ ಡೇಟಾಬೇಸ್‌ಗೆ ಮತ್ತೆ ಹೋಗುತ್ತದೆ. 50 ಆರ್ಡರ್‌ಗೆ 50 ಫಿಲ್ಟರ್. ಹೀಗೆ ಬಂದ ಐಟಂಗಳು ಹೊಸವು, ಅವುಗಳ ಆಥರ್‌ಗಳನ್ನು ಯಾರೂ ಮೊದಲೇ ತಂದಿಟ್ಟಿಲ್ಲ, ಹಾಗಾಗಿ 200. ಬುಕ್ ಜಾಯಿನ್ ಮಾತ್ರ ಹೊಸ ಕ್ವೆರಿಸೆಟ್‌ಗೂ ಅಂಟಿಕೊಂಡು ಬಂದಿದೆ, ಇಲ್ಲದಿದ್ದರೆ ಇನ್ನೂ 200 ಇರುತ್ತಿತ್ತು. ಪ್ರಿಫೆಚ್ ಮಾಡಿದ್ದ ಐಟಂಗಳನ್ನು ಯಾರೂ ಮುಟ್ಟಲೇ ಇಲ್ಲ, ಆ ಎರಡು ಕ್ವೆರಿ ದಂಡ.

`.ಆಲ್().ಕೌಂಟ್()` ಮತ್ತು `.ಆಲ್().ಎಕ್ಸಿಸ್ಟ್ಸ್()` ಪರವಾಗಿಲ್ಲ, ಮೊದಲೇ ತಂದದ್ದಿದ್ದರೆ ಅದನ್ನೇ ಎಣಿಸುತ್ತವೆ.

ಫಿಲ್ಟರನ್ನು ಪ್ರಿಫೆಚ್ ಒಳಗೇ ಹಾಕಿ, ಟು_ಆ್ಯಟ್ರ್ (ತಂದದ್ದನ್ನು ಇಡುವ ಹೆಸರು) ಕೊಡಿ:

`ಪ್ರಿಫೆಚ್("ಐಟಮ್ಸ್", ಕ್ವೆರಿಸೆಟ್=ಐಟಂ.ಆಬ್ಜೆಕ್ಟ್ಸ್.ಫಿಲ್ಟರ್(ಕ್ಯಾನ್ಸಲ್ಡ್=ಫಾಲ್ಸ್).ಸೆಲೆಕ್ಟ್_ರಿಲೇಟೆಡ್("ಬುಕ್"), ಟು_ಆ್ಯಟ್ರ್="ಲೈವ್_ಲಿಸ್ಟ್")`

ಮುಂದಿನ ಸಾಲು `"ಲೈವ್_ಲಿಸ್ಟ್__ಬುಕ್__ಆಥರ್ಸ್"` ಆಗಬೇಕು. ಹಳೆಯ ದಾರಿಯನ್ನೇ ಬಿಟ್ಟರೆ ಎಲ್ಲ ಐಟಂಗಳನ್ನೂ ಇನ್ನೊಮ್ಮೆ ತರುತ್ತದೆ. ಟು_ಆ್ಯಟ್ರ್ ಹೆಸರು ನಿಮ್ಮ ಮೆಥಡ್ ಹೆಸರಾಗಬಾರದು. ಸಿಗುವುದು ಸಾದಾ ಪೈಥಾನ್ ಲಿಸ್ಟ್, ಆದ್ದರಿಂದ ಟೆಂಪ್ಲೇಟ್‌ನಲ್ಲಿ `.ಆಲ್` ಬರೆಯಬೇಡಿ.

ಟು_ಆ್ಯಟ್ರ್ ಇಲ್ಲದೆಯೂ ನಡೆಯುತ್ತದೆ, ಆದರೆ ನನಗೆ ಅದು ಸರಿ ಕಾಣುವುದಿಲ್ಲ. ಆಗ `ಆರ್ಡರ್.ಐಟಮ್ಸ್.ಆಲ್()` ಎಂದರೂ ರದ್ದಾಗದವು ಮಾತ್ರ ಬರುತ್ತವೆ. ಇದೇ ಆರ್ಡರ್ ಆಬ್ಜೆಕ್ಟನ್ನು ಮುಂದೆ ರೀಫಂಡ್ ಲೆಕ್ಕದ ಫಂಕ್ಷನ್‌ಗೆ ಕಳಿಸಿದರೆ ರದ್ದಾದ ಐಟಂಗಳೇ ಅದಕ್ಕೆ ಕಾಣುವುದಿಲ್ಲ. ಎರರ್ ಬೀಳುವುದಿಲ್ಲ, ಮೊತ್ತ ತಪ್ಪಿರುತ್ತದೆ.

ಓನ್ಲಿ() ಹಾಕಿ ಕಾಲಂ ಕಡಿಮೆ ಮಾಡುವ ಆಸೆ ಇದ್ದರೆ ಜಾಗ್ರತೆ. ಐಟಂ ಕ್ವೆರಿಸೆಟ್‌ನಲ್ಲಿ `ಓನ್ಲಿ("ಕ್ವಾಂಟಿಟಿ", "ಬುಕ್")` ಎಂದು ಬರೆದು ಆರ್ಡರ್ ಫಾರಿನ್ ಕೀಯನ್ನು ಬಿಟ್ಟರೆ, ಯಾವ ಐಟಂ ಯಾವ ಆರ್ಡರ್‌ಗೆ ಸೇರಿದ್ದು ಎಂದು ಹಂಚಲು ಜ್ಯಾಂಗೋಗೆ ಆ ಕಾಲಂ ಬೇಕೇ ಬೇಕು. ಒಂದೊಂದು ಐಟಂಗೂ ಒಂದೊಂದು ಕ್ವೆರಿ ಓಡಿಸಿ ಅದನ್ನು ತರುತ್ತದೆ. ಕಡಿಮೆ ಮಾಡಲು ಹೋಗಿ 200 ಹೆಚ್ಚಾಯಿತು.

ರೆಸ್ಟ್ ಫ್ರೇಮ್‌ವರ್ಕ್ ಕಡೆ: ಸೀರಿಯಲೈಸರ್ (ಡೇಟಾವನ್ನು ಆ್ಯಪ್‌ಗೆ ಕಳಿಸುವ ರೂಪಕ್ಕೆ ತರುವ ಕ್ಲಾಸ್) ತಾನಾಗಿ ಏನನ್ನೂ ಪ್ರಿಫೆಚ್ ಮಾಡುವುದಿಲ್ಲ. ವ್ಯೂನ ಗೆಟ್_ಕ್ವೆರಿಸೆಟ್‌ನಲ್ಲಿ ಇದೇ ಕ್ವೆರಿಸೆಟ್ ಕೊಡಿ, ನೆಸ್ಟೆಡ್ ಸೀರಿಯಲೈಸರ್‌ಗೆ ಸೋರ್ಸ್ ಆಗಿ ಲೈವ್_ಲಿಸ್ಟ್ ಹಾಕಿ. ಸೀರಿಯಲೈಸರ್‌ಮೆಥಡ್‌ಫೀಲ್ಡ್ ಒಳಗೆ ಫಿಲ್ಟರ್ ಬರೆದಿದ್ದರೆ ಅಲ್ಲೂ ಇದೇ ಕಥೆ. ವೆಬ್ ಮತ್ತು ಆ್ಯಪ್ ಎರಡಕ್ಕೂ ಬೇಕಿರುವುದರಿಂದ ಈ ಕ್ವೆರಿಸೆಟ್ಟನ್ನು ಮಾಡೆಲ್‌ನ ಕಸ್ಟಮ್ ಕ್ವೆರಿಸೆಟ್ ಕ್ಲಾಸ್‌ನಲ್ಲಿ ಒಂದೇ ಕಡೆ ಇಡಿ. ಎರಡು ಕಡೆ ನಕಲು ಮಾಡಿದರೆ ಒಂದನ್ನು ತಿದ್ದುತ್ತಾರೆ, ಇನ್ನೊಂದನ್ನು ಮರೆಯುತ್ತಾರೆ.

ಅಡ್ಮಿನ್ ಪುಟಗಳನ್ನೂ ಒಮ್ಮೆ ನೋಡಿಬಿಡಿ. ಐಟಂನ `__ಎಸ್‌ಟಿಆರ್__` (ಆಬ್ಜೆಕ್ಟನ್ನು ಪಠ್ಯವಾಗಿ ತೋರಿಸುವ ಮೆಥಡ್) ಒಳಗೆ ಪುಸ್ತಕದ ಹೆಸರು ಬಳಸಿದ್ದರೆ ಐಟಂಗಳ ಡ್ರಾಪ್‌ಡೌನ್ ಬಿಡಿಸಿದಾಗ ಪ್ರತಿ ಸಾಲಿಗೂ ಒಂದು ಬುಕ್ ಕ್ವೆರಿ. ಪಟ್ಟಿಗೆ ಲಿಸ್ಟ್_ಸೆಲೆಕ್ಟ್_ರಿಲೇಟೆಡ್, ಡ್ರಾಪ್‌ಡೌನ್‌ಗೆ ಆಟೋಕಂಪ್ಲೀಟ್_ಫೀಲ್ಡ್ಸ್.

ಬಯಲುಸೀಮೆ_ಡೆವ್

ಈಗ 6 ಬಂತು ಮೇಡಂ! ಆದರೆ ಪುಟ ಇನ್ನೂ 3 ಸೆಕೆಂಡ್ ತೆಗೆದುಕೊಳ್ಳುತ್ತಿದೆ. ಟೂಲ್‌ಬಾರ್ ಪ್ರಕಾರ ಆರ್ಡರ್ ಕ್ವೆರಿಯೊಂದೇ 2.4 ಸೆಕೆಂಡ್. ಪೇಮೆಂಟ್ ಟೇಬಲ್ ಹಳೆಯ ಸಿಸ್ಟಂನಿಂದ ಬಂದದ್ದು, ಮಾಡೆಲ್‌ನಲ್ಲಿ ಮ್ಯಾನೇಜ್ಡ್ ಫಾಲ್ಸ್ ಇದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ವ್ಯಾಕ್ಯೂಮ್_ವೆಂಕಿ

ಸಂಬಂಧ ಇದೆ, ಬಹುತೇಕ ಅದೇ ಕಾರಣ. ಜ್ಯಾಂಗೋ ತಾನೇ ಸೃಷ್ಟಿಸುವ ಟೇಬಲ್‌ನಲ್ಲಿ ಫಾರಿನ್ ಕೀ ಕಾಲಂಗೆ ಇಂಡೆಕ್ಸನ್ನೂ (ಸಾಲನ್ನು ಬೇಗ ಹುಡುಕಲು ನೆರವಾಗುವ ಸೂಚಿ) ಹಾಕುತ್ತದೆ. ಮ್ಯಾನೇಜ್ಡ್ ಫಾಲ್ಸ್ ಅಂದರೆ ಆ ಟೇಬಲ್ ತಂಟೆಗೇ ಹೋಗುವುದಿಲ್ಲ. ಪೋಸ್ಟ್‌ಗ್ರೆಸ್ ಕೂಡ ಪ್ರೈಮರಿ ಕೀ ಮತ್ತು ಯೂನಿಕ್‌ಗೆ ಮಾತ್ರ ಇಂಡೆಕ್ಸ್ ಮಾಡುತ್ತದೆ, ಫಾರಿನ್ ಕೀ ಎಂದು ಘೋಷಿಸಿದ ಮಾತ್ರಕ್ಕೆ ಮಾಡುವುದಿಲ್ಲ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಮಾಡುತ್ತದೆ, ಹಾಗಾಗಿ ಅಲ್ಲಿಂದ ಬಂದವರಿಗೆ ಇದು ಹೊಳೆಯುವುದಿಲ್ಲ.

ಕ್ವೆರಿಯನ್ನು ಹೀಗೆ ಪರೀಕ್ಷಿಸಿ: `ಎಕ್ಸ್‌ಪ್ಲೇನ್ (ಅನಲೈಜ್, ಬಫರ್ಸ್)` ಮುಂದೆ ಟೂಲ್‌ಬಾರ್‌ನಲ್ಲಿರುವ ಎಸ್‌ಕ್ಯೂಎಲ್ ಅಂಟಿಸಿ ಓಡಿಸಿ. ಸಬ್‌ಪ್ಲಾನ್ ಅಡಿಯಲ್ಲಿ ಪೇಮೆಂಟ್ ಮೇಲೆ `ಸೀಕ್ ಸ್ಕ್ಯಾನ್` (ಇಡೀ ಟೇಬಲ್ ಓದುವುದು), ಪಕ್ಕದಲ್ಲಿ `ಲೂಪ್ಸ್=50` ಕಂಡರೆ ಸಿಕ್ಕಿತು ಕಳ್ಳ. ಅಲ್ಲಿ ಬರೆದಿರುವ ಆ್ಯಕ್ಚುವಲ್ ಟೈಮ್ ಒಂದು ಲೂಪ್‌ನ ಸರಾಸರಿ. 48 ಮಿಲಿಸೆಕೆಂಡ್ ಎಂದಿದ್ದರೆ ಪರವಾಗಿಲ್ಲ ಅನ್ನಿಸುತ್ತದೆ, 50ರಿಂದ ಗುಣಿಸಿದರೆ ನಿಮ್ಮ 2.4 ಸೆಕೆಂಡ್.

ಬೇಕಿರುವುದು ಆರ್ಡರ್_ಐಡಿ, ಕ್ರಿಯೇಟೆಡ್ ಎರಡೂ ಸೇರಿದ ಒಂದು ಇಂಡೆಕ್ಸ್, ಇದೇ ಅನುಕ್ರಮದಲ್ಲಿ. ಆಗ ಆರ್ಡರ್‌ಗೆ ಹೊಂದುವ ಕೊನೆಯ ಸಾಲಿಗೆ ನೇರ ಹೋಗಿ ಒಂದನ್ನೇ ಓದುತ್ತದೆ. ಇಳಿಕೆ ಕ್ರಮ ಎಂದು ಬೇರೆ ಹೇಳುವ ಅಗತ್ಯವಿಲ್ಲ, ಬಿ-ಟ್ರೀ ಇಂಡೆಕ್ಸನ್ನು ಪೋಸ್ಟ್‌ಗ್ರೆಸ್ ಹಿಂದಿನಿಂದಲೂ ಓದುತ್ತದೆ.

ಲೈವ್ ಡೇಟಾಬೇಸ್‌ನಲ್ಲಿ ಸಾದಾ ಕ್ರಿಯೇಟ್ ಇಂಡೆಕ್ಸ್ ಓಡಿಸಿದರೆ ಮುಗಿಯುವ ತನಕ ಆ ಟೇಬಲ್‌ಗೆ ಬರೆಯುವವರೆಲ್ಲ ಕಾಯಬೇಕು, ಅಂದರೆ ಪೇಮೆಂಟ್ ನಿಲ್ಲುತ್ತದೆ. `ಕ್ರಿಯೇಟ್ ಇಂಡೆಕ್ಸ್ ಕನ್ಕರೆಂಟ್ಲಿ` ಬಳಸಿ. ಅದು ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕೆಲಸಗಳ ಗುಂಪು) ಒಳಗೆ ಓಡುವುದಿಲ್ಲ. ನಿಮ್ಮದು ಮ್ಯಾನೇಜ್ಡ್ ಅಲ್ಲದ ಟೇಬಲ್ ಆದ್ದರಿಂದ ಒಂದು ಮೈಗ್ರೇಶನ್‌ನಲ್ಲಿ (ಡೇಟಾಬೇಸ್ ರಚನೆ ಬದಲಿಸುವ ಫೈಲ್) ರನ್‌ಎಸ್‌ಕ್ಯೂಎಲ್ ಬಳಸಿ, ಆ ಮೈಗ್ರೇಶನ್ ಕ್ಲಾಸ್‌ನಲ್ಲಿ `ಅಟಾಮಿಕ್ = ಫಾಲ್ಸ್` ಹಾಕಿ. ಮಧ್ಯೆ ಫೇಲ್ ಆದರೆ ಇನ್‌ವ್ಯಾಲಿಡ್ ಸ್ಥಿತಿಯ ಇಂಡೆಕ್ಸ್ ಒಂದು ಉಳಿದುಬಿಡುತ್ತದೆ. ಅದು ಓದಲು ಬಳಕೆಯಾಗುವುದಿಲ್ಲ, ಬರೆಯುವಾಗ ಮಾತ್ರ ಭಾರ. ಡ್ರಾಪ್ ಮಾಡಿ ಮತ್ತೆ ಓಡಿಸಿ.

ಇನ್ನೆರಡು ಮಾತು. ಪಟ್ಟಿಯನ್ನು ಪೇಮೆಂಟ್ ಸ್ಥಿತಿಯ ಮೇಲೆ ಸಾರ್ಟ್ ಮಾಡುವ ಬಟನ್ ಕೊಟ್ಟರೆ ಸಬ್‌ಕ್ವೆರಿ 50 ಆರ್ಡರ್‌ಗಲ್ಲ, ಟೇಬಲ್‌ನ ಎಲ್ಲ ಆರ್ಡರ್‌ಗಳಿಗೂ ಓಡುತ್ತದೆ. ಇಂಡೆಕ್ಸ್ ಇದ್ದರೂ ಲಕ್ಷಗಟ್ಟಲೆ ಸಲ ಅಂದರೆ ಭಾರವೇ. ಆ ಬಟನ್ ಬೇಕೇ ಬೇಕು ಅಂದರೆ ಕೊನೆಯ ಸ್ಥಿತಿಯನ್ನು ಆರ್ಡರ್ ಟೇಬಲ್‌ನಲ್ಲೇ ಒಂದು ಕಾಲಂ ಆಗಿ ಇಟ್ಟು, ಪೇಮೆಂಟ್ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಅದನ್ನೂ ಬದಲಿಸಿ.

ಐಟಂ ಸಂಖ್ಯೆ, ಪೇಮೆಂಟ್ ಸಂಖ್ಯೆ ಎರಡನ್ನೂ ಒಂದೇ ಆನೋಟೇಟ್‌ನಲ್ಲಿ ಕೌಂಟ್ ಮಾಡಬೇಡಿ. ಜೋಯಿಸರು ಹೇಳಿದ 4 ಮತ್ತು 3ರ ಆರ್ಡರ್‌ನಲ್ಲಿ ಎರಡೂ ಕೌಂಟ್ 12 ಎನ್ನುತ್ತವೆ. ಡಿಸ್ಟಿಂಕ್ಟ್ ಹಾಕಿದರೆ ಕೌಂಟ್ ಸರಿಯಾಗುತ್ತದೆ. ಸಮ್‌ಗೆ ಆ ಉಪಾಯ ನಡೆಯದು: ಒಂದೇ ಬೆಲೆಯ ಎರಡು ಬೇರೆ ಐಟಂ ಇದ್ದರೆ ಡಿಸ್ಟಿಂಕ್ಟ್ ಒಂದನ್ನು ನುಂಗುತ್ತದೆ. ಮೊತ್ತಕ್ಕೆ ಬೇರೆ ಸಬ್‌ಕ್ವೆರಿಯೇ ದಾರಿ.

ಬೀನ್_ಬಸವ

ಜಾವಾದಲ್ಲಿ ಸ್ಪ್ರಿಂಗ್, ಹೈಬರ್ನೇಟ್ (ಡೇಟಾಬೇಸ್ ಲೈಬ್ರರಿ) ಬಳಸುವವರು ಇದನ್ನು ಓದುತ್ತಿದ್ದರೆ: ಅದು ಪಾಲಿಸುವ ಜೆಪಿಎ ನಿಯಮದಲ್ಲಿ ಮೆನಿ ಟು ಒನ್ ಮತ್ತು ಒನ್ ಟು ಒನ್ ಡಿಫಾಲ್ಟ್ ಆಗಿ ಈಗರ್ (ಮೊದಲೇ ತರುವುದು), ಒನ್ ಟು ಮೆನಿ ಮತ್ತು ಮೆನಿ ಟು ಮೆನಿ ಲೇಜಿ (ಕೇಳಿದಾಗ ತರುವುದು). ಎಲ್ಲವನ್ನೂ ಲೇಜಿ ಮಾಡಿ, ಬೇಕಾದ ಕಡೆ ಜಾಯಿನ್ ಫೆಚ್ ಅಥವಾ ಎಂಟಿಟಿ ಗ್ರಾಫ್ ಹಾಕಿ. ಆದರೆ ಕಲೆಕ್ಷನ್ ಮೇಲೆ ಜಾಯಿನ್ ಫೆಚ್ ಮತ್ತು ಪೇಜಿಂಗ್ ಒಟ್ಟಿಗೆ ಹಾಕಿದರೆ ಹೈಬರ್ನೇಟ್ ಲಿಮಿಟನ್ನೇ ಕಳಿಸದೆ ಎಲ್ಲ ಸಾಲುಗಳನ್ನೂ ಮೆಮೊರಿಗೆ ತಂದು ಅಲ್ಲಿ ಪುಟ ಕತ್ತರಿಸುತ್ತದೆ. ಲಾಗ್‌ನಲ್ಲಿ ಒಂದು ವಾರ್ನಿಂಗ್ ಬರುತ್ತದೆ ಅಷ್ಟೆ, 5ನೇ ಆವೃತ್ತಿಯಲ್ಲಿ ಅದರ ಸಂಖ್ಯೆ ಎಚ್‌ಎಚ್‌ಎಚ್000104. ಮೊದಲು 50 ಐಡಿ ಮಾತ್ರ ತಂದು, ಎರಡನೇ ಕ್ವೆರಿಯಲ್ಲಿ ಆ ಐಡಿಗಳಿಗೆ ಜಾಯಿನ್ ಫೆಚ್ ಮಾಡಿ. ಅಥವಾ ಬ್ಯಾಚ್ ಸೈಜ್ 50 ಇಟ್ಟುಬಿಡಿ.

ಎರಡು ಲಿಸ್ಟ್‌ಗಳನ್ನು ಒಟ್ಟಿಗೆ ಫೆಚ್ ಮಾಡಿದರೆ ಮಲ್ಟಿಪಲ್‌ಬ್ಯಾಗ್‌ಫೆಚ್ ಎಕ್ಸೆಪ್ಷನ್. ಇಂಟರ್‌ನೆಟ್ ತುಂಬ ಲಿಸ್ಟ್ ಬದಲು ಸೆಟ್ ಮಾಡಿ ಅನ್ನುವ ಸಲಹೆಯೇ. ಎಕ್ಸೆಪ್ಷನ್ ಹೋಗುತ್ತದೆ, 12 ಸಾಲು ಹಾಗೇ ಬರುತ್ತವೆ.

ಬಯಲುಸೀಮೆ_ಡೆವ್

ಇಂಡೆಕ್ಸ್ ಹಾಕಿದ ಮೇಲೆ ಆರ್ಡರ್ ಕ್ವೆರಿ ಮಿಲಿಸೆಕೆಂಡ್‌ಗಳಲ್ಲಿ ಬರುತ್ತಿದೆ. ಎಲ್ಲರಿಗೂ ಧನ್ಯವಾದ. ಎರಡು ಕೊನೆಯ ಪ್ರಶ್ನೆ: ಮುಂದೆ ಯಾರಾದರೂ ಟೆಂಪ್ಲೇಟ್‌ನಲ್ಲಿ ಏನೋ ಸೇರಿಸಿ ಮತ್ತೆ ಇದೇ ಗತಿ ಆಗದಂತೆ ತಡೆಯುವುದು ಹೇಗೆ? ಮತ್ತು ಇಡೀ ವರ್ಷದ ಆರ್ಡರ್‌ಗಳನ್ನು ಸಿಎಸ್‌ವಿಗೆ ಇಳಿಸುವಾಗಲೂ ಇದೇ ಕ್ವೆರಿಸೆಟ್ ಬಳಸಬಹುದೇ?

ಸಿಗ್ನಲ್_ಸುಮಾ

ಟೆಸ್ಟ್ ಬರೆಯಿರಿ. ಅಸರ್ಟ್‌ನಮ್‌ಕ್ವೆರೀಸ್(6) ಎಂದು ಗಟ್ಟಿ ಸಂಖ್ಯೆ ಇಟ್ಟರೆ ಯಾರೋ ಮಿಡಲ್‌ವೇರ್ ಸೇರಿಸಿದ ದಿನವೇ ಮುರಿಯುತ್ತದೆ, ಆಮೇಲೆ ಜನ ಕಣ್ಣುಮುಚ್ಚಿ ಸಂಖ್ಯೆ ಏರಿಸುತ್ತಾರೆ. ಅದಕ್ಕಿಂತ, ಕ್ಯಾಪ್ಚರ್‌ಕ್ವೆರೀಸ್‌ಕಾಂಟೆಕ್ಸ್ಟ್ ಬಳಸಿ 2 ಆರ್ಡರ್ ಇರುವಾಗ ಒಮ್ಮೆ, 10 ಇರುವಾಗ ಒಮ್ಮೆ ಪುಟ ತೆರೆದು ಎರಡೂ ಸಲ ಕ್ವೆರಿ ಸಂಖ್ಯೆ ಒಂದೇ ಇದೆಯೇ ನೋಡಿ. ಪ್ರತಿ ಆರ್ಡರ್‌ಗೆ ಕನಿಷ್ಠ 2 ಐಟಂ, ಪ್ರತಿ ಬುಕ್‌ಗೆ 2 ಆಥರ್ ಇರಲಿ, ಎಲ್ಲ ಆರ್ಡರ್‌ಗೂ ಒಬ್ಬನೇ ಕಸ್ಟಮರನ್ನು ಹಂಚಬೇಡಿ. ಡೇಟಾ ಖಾಲಿ ಇದ್ದರೆ ಲೂಪ್ ಒಳಗೇ ಹೋಗದೆ ಟೆಸ್ಟ್ ಪಾಸಾಗುತ್ತದೆ.

ಲೈವ್‌ನಲ್ಲಿ ಹಿಡಿಯಲು ಪೋಸ್ಟ್‌ಗ್ರೆಸ್‌ನ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ (ಓಡಿದ ಕ್ವೆರಿಗಳ ಲೆಕ್ಕ ಇಡುವ ಎಕ್ಸ್‌ಟೆನ್ಶನ್). ಸಮಯದ ಮೇಲಲ್ಲ, ಕಾಲ್ಸ್ ಕಾಲಂ ಮೇಲೆ ಇಳಿಕೆ ಕ್ರಮದಲ್ಲಿ ಜೋಡಿಸಿ. ಐಡಿಯೊಂದರಿಂದ ಒಂದೇ ಸಾಲು ತರುವ ಕ್ವೆರಿ ಮೇಲೇ ಕೂತಿದ್ದರೆ ಎಲ್ಲೋ ಲೂಪ್ ಓಡುತ್ತಿದೆ.

ಸಿಎಸ್‌ವಿಗೆ ಇದೇ ಕ್ವೆರಿಸೆಟ್ ಸಾಕು, ಆದರೆ ನೇರ ಲೂಪ್ ಮಾಡಿದರೆ ವರ್ಷದ ಆರ್ಡರ್‌ಗಳೂ ಐಟಂಗಳೂ ಒಟ್ಟಿಗೆ ಮೆಮೊರಿಗೆ ಬರುತ್ತವೆ. `ಇಟರೇಟರ್(ಚಂಕ್_ಸೈಜ್=2000)` ಹಾಕಿ. 4.1ರಿಂದ ಪ್ರತಿ 2000 ಆರ್ಡರ್‌ಗೂ ಪ್ರಿಫೆಚ್ ಬೇರೆಬೇರೆಯಾಗಿ ಓಡುತ್ತದೆ. ಅದಕ್ಕಿಂತ ಹಳೆಯದರಲ್ಲಿ ಇಟರೇಟರ್ ಹಾಕಿದರೆ ಪ್ರಿಫೆಚ್ ಸದ್ದಿಲ್ಲದೆ ಬಿಟ್ಟುಹೋಗುತ್ತಿತ್ತು. ಚಂಕ್_ಸೈಜ್ ಕೊಡದಿದ್ದರೆ ನಿಮ್ಮ 4.2ರಲ್ಲಿ ಎಚ್ಚರಿಕೆ, 5.0ರಿಂದ ಎರರ್.

ವ್ಯಾಕ್ಯೂಮ್_ವೆಂಕಿ

ಸುಮಾ ಅವರ ಮಾತಿಗೆ ಒಂದು ಸೇರ್ಪಡೆ. ಮಧ್ಯದಲ್ಲಿ ಪಿಜಿಬೌನ್ಸರ್ (ಡೇಟಾಬೇಸ್ ಸಂಪರ್ಕಗಳನ್ನು ಹಂಚುವ ಸಾಧನ) ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಇದ್ದರೆ ಇಟರೇಟರ್ ಬಳಸುವ ಸರ್ವರ್ ಸೈಡ್ ಕರ್ಸರ್ (ಫಲಿತಾಂಶವನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು) ಅರ್ಧದಲ್ಲಿ ಮಾಯವಾಗಿ, ಕರ್ಸರ್ ಇಲ್ಲ ಎಂದು ಎರರ್ ಬರಬಹುದು. ಡೇಟಾಬೇಸ್ ಸೆಟ್ಟಿಂಗ್‌ನಲ್ಲಿ ಡಿಸೇಬಲ್_ಸರ್ವರ್_ಸೈಡ್_ಕರ್ಸರ್ಸ್ ಟ್ರೂ ಮಾಡಿ, ಅಥವಾ ಸಿಎಸ್‌ವಿ ಲೂಪನ್ನು ಪೂರ್ತಿಯಾಗಿ ಅಟಾಮಿಕ್ ಬ್ಲಾಕ್ (ಒಂದೇ ಟ್ರಾನ್ಸಾಕ್ಷನ್) ಒಳಗೆ ಇಡಿ. ಮೊದಲನೆಯದರಲ್ಲಿ ಮೆಮೊರಿ ಉಳಿತಾಯ ಅಷ್ಟಾಗಿ ಸಿಗುವುದಿಲ್ಲ, ಕ್ವೆರಿಯ ಫಲಿತಾಂಶವೆಲ್ಲ ಡ್ರೈವರ್‌ಗೆ ಒಮ್ಮೆಗೇ ಬಂದುಬಿಡುತ್ತದೆ. ಹಾಗಾಗಿ ತಿಂಗಳಿಗೊಂದರಂತೆ 12 ತುಂಡು ಮಾಡಿ ಓಡಿಸಿ.